ಥರ್ಮಾಕೋಲ್ ಕಟ್ಟೆಗೆ ಒಂದು ಕೊಡ ನೀರು ಹಾಕಿ ತೋರಿಸಿ

ನಮ್ಮ ಜಿಲ್ಲೆಯ ಒಂದು ಗಣಿಯ ವಿಸ್ತರಣೆಗೆ ಸಾರ್ವಜನಿಕ ಅಹವಾಲು ಸಭೆ ನಡೆದಿತ್ತು. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ನೀರಿನ ಬಾಟಲಿ, ಬಂದೋಬಸ್ತಿಗೆ ಪೊಲೀಸರು. ಸುದ್ದಿಗೆ ಇಷ್ಟು ಎಂದು ಕಾಸು ಎಣಿಸುವ ನಾನು ಎರಡನೇ ಸಾಲಿನಲ್ಲಿ ಕುಳಿತಿದ್ದೆ. ವೇದಿಕೆಯ ಪಕ್ಕ ಗಾಜಿನ ಪೆಟ್ಟಿಗೆಯಲ್ಲಿ ಒಂದು ಮಾದರಿ ಇಟ್ಟಿದ್ದರು. ಥರ್ಮಾಕೋಲಿನ ಗುಡ್ಡ, ಹಸಿರು ಸ್ಪಂಜಿನ ಗಿಡ, ನೀಲಿ ಬಣ್ಣ ಬಳಿದ ಹೊಂಡ, ಅದರ ಸುತ್ತ ಕಂದು ಬಣ್ಣದ ಕಟ್ಟೆ. ಅದಿರು ತೆಗೆದ ಮೇಲೆ ಉಳಿಯುವ ಕೆಸರನ್ನು ಈ ಕಟ್ಟೆಯೊಳಗೆ ತುಂಬುತ್ತೇವೆ, ಪೂರ್ತಿ ಸುರಕ್ಷಿತ ಎಂದು ಎಂಜಿನಿಯರೊಬ್ಬರು ಕೋಲು ಹಿಡಿದು ವಿವರಿಸಿದರು.

ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ನಿಂತರು. ಅವರ ಎರಡೆಕರೆ ಹೊಲ ಆ ಕಟ್ಟೆಯ ಕೆಳಗೇ ಬರುತ್ತದೆ.

"ಸಾಹೇಬ್ರ, ಇದಕ್ಕ ಒಂದು ಕೊಡ ನೀರು ಹಾಕಿ ತೋರಸ್ರಿ, ನೋಡೋಣ."

ಸಭೆ ನಕ್ಕಿತು. ಎಂಜಿನಿಯರ್ ಕೂಡ ನಕ್ಕರು. "ಅಜ್ಜಿ, ಇದು ಬರೀ ತೋರಿಸೋಕೆ ಮಾಡಿರೋದು" ಎಂದರು.

"ಮತ್ತ ನಮಗ ಏನು ತೋರಸಾಕ ತಂದೀರಿ?"

ಈ ಪ್ರಶ್ನೆಗೆ ಉತ್ತರ ಬರಲಿಲ್ಲ. ನಡಾವಳಿಯಲ್ಲಿ ಅದು ದಾಖಲಾಗಲೂ ಇಲ್ಲ. ಮರುದಿನದ ಪತ್ರಿಕೆಯಲ್ಲಿ ನನ್ನ ವರದಿ ಎರಡು ಕಾಲಂ ಬಂತು, ಅದರಲ್ಲೂ ಇರಲಿಲ್ಲ. ತಪ್ಪು ನನ್ನದೇ. ನಾನೂ ನಕ್ಕವರಲ್ಲಿ ಒಬ್ಬ. ಆಮೇಲೆ ಓದುತ್ತಾ ಹೋದಂತೆ ಗೊತ್ತಾಯಿತು: ಆ ಸಭೆಯಲ್ಲಿ ನಿಜವಾದ ಎಂಜಿನಿಯರಿಂಗ್ ಪ್ರಶ್ನೆ ಕೇಳಿದ್ದು ಆ ಅಜ್ಜಿ ಒಬ್ಬರೇ. ಈ ಲೇಖನ ಆ ಸಾಲ ತೀರಿಸಲು.

ಕೆರೆ ಏರಿ ಬೇರೆ, ಕೆಸರು ಕಟ್ಟೆ ಬೇರೆ

ಮೊದಲು ವಿಷಯ ತಿಳಿಯೋಣ. ಗಣಿಯಿಂದ ಬಂದ ಕಲ್ಲನ್ನು ಹಿಟ್ಟಿನಂತೆ ಅರೆದು ಅದಿರನ್ನೋ ಚಿನ್ನವನ್ನೋ ಬೇರ್ಪಡಿಸುತ್ತಾರೆ. ಉಳಿದದ್ದು ನೀರು ಬೆರೆತ ನುಣ್ಣನೆ ಕೆಸರು. ಇದಕ್ಕೆ ಟೇಲಿಂಗ್ಸ್ ಎನ್ನುತ್ತಾರೆ. ಇದನ್ನು ಪೈಪಿನಲ್ಲಿ ತಂದು ಒಂದು ಕಟ್ಟೆಯ ಹಿಂದೆ ಸುರಿಯುತ್ತಾರೆ.

ಕೆರೆಗೆ ಏರಿ ಕಟ್ಟುವುದು ಒಂದೇ ಸಲ. ಏರಿ ಮುಗಿದ ಮೇಲೆ ನೀರು ಬರುತ್ತದೆ. ಹೆಚ್ಚಾದ ನೀರು ಕೋಡಿ ಹರಿಯುತ್ತದೆ, ಬೇಕಾದಾಗ ತೂಬು ಎತ್ತಬಹುದು. ಕೆಸರು ಕಟ್ಟೆ ಹಾಗಲ್ಲ. ಅದು ಗಣಿ ನಡೆಯುವಷ್ಟು ವರ್ಷವೂ ಏರುತ್ತಲೇ ಇರುತ್ತದೆ. ಎಷ್ಟೋ ಕಡೆ ಹೊಸ ಕಟ್ಟೆಯನ್ನು ಹಳೆಯ ಕೆಸರಿನ ಮೇಲೆಯೇ ಒಳಮುಖವಾಗಿ ಕಟ್ಟುತ್ತಾ ಹೋಗುತ್ತಾರೆ, ಯಾಕೆಂದರೆ ಅದು ಅಗ್ಗ. ಅಂದರೆ ಗೋಡೆಯ ಪಾಯವೇ ಕೆಸರು. ಗಣಿ ಮುಚ್ಚಿ ಕಂಪನಿ ಹೊರಟುಹೋದರೂ ಕಟ್ಟೆ ಉಳಿಯುತ್ತದೆ. ಅದನ್ನು ಖಾಲಿ ಮಾಡಲು ತೂಬು ಇಲ್ಲ.

ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ 2005ರ ಡಿಸೆಂಬರ್ 31ಕ್ಕೆ ನಿಂತಿತು. ಭದ್ರೆಗೆ ಸೇರುವ ಲಕ್ಯಾ ಹೊಳೆಗೆ ಕಟ್ಟಿದ ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟು ಮಾತ್ರ ಇವತ್ತಿಗೂ ಕೋಟಿಗಟ್ಟಲೆ ಟನ್ ಕೆಸರನ್ನು ಹೊತ್ತು ನಿಂತಿದೆ. ಅದು ಅಪಾಯದಲ್ಲಿದೆ ಎಂದು ನಾನು ಹೇಳುತ್ತಿಲ್ಲ. ಗಣಿಯ ಆಯಸ್ಸು ಎಷ್ಟು, ಕೆಸರಿನ ಆಯಸ್ಸು ಎಷ್ಟು ಎಂಬ ಲೆಕ್ಕ ಅಲ್ಲಿ ಕಣ್ಣೆದುರಿಗಿದೆ ಎನ್ನುತ್ತಿದ್ದೇನೆ ಅಷ್ಟೇ.

ಸರ್ಟಿಫಿಕೇಟ್ ಇತ್ತು, ಕಟ್ಟೆ ಇರಲಿಲ್ಲ

2019ರ ಜನವರಿ 25. ಬ್ರೆಜಿಲ್ ದೇಶದ ಬ್ರುಮಾಡಿನ್ಹೋ ಎಂಬ ಊರು. ಮಧ್ಯಾಹ್ನ ಹನ್ನೆರಡೂವರೆ, ಊಟದ ಹೊತ್ತು. ವಾಲೆ ಎಂಬ ಕಂಪನಿಯ ಕಬ್ಬಿಣದ ಗಣಿಯ 86 ಮೀಟರ್ ಎತ್ತರದ ಕೆಸರು ಕಟ್ಟೆಯ ಮುಖ 10 ಸೆಕೆಂಡಿನೊಳಗೆ ಕುಸಿಯಿತು. ಕಾರ್ಮಿಕರ ಕ್ಯಾಂಟೀನೂ ಕಚೇರಿಯೂ ಕಟ್ಟೆಯ ಕೆಳಗೇ ಇದ್ದವು. 270 ಜನ ಸತ್ತರು. ಎಚ್ಚರಿಕೆಯ ಸೈರನ್ ಕೂಗಲಿಲ್ಲ.

ಆ ಕಟ್ಟೆಗೆ ಹೊಸ ಕೆಸರು ಸುರಿಯುವುದನ್ನು 2016ರಲ್ಲೇ ನಿಲ್ಲಿಸಿದ್ದರು. ಕಟ್ಟೆ ಸ್ಥಿರವಾಗಿದೆ ಎಂದು 2018ರ ಸೆಪ್ಟೆಂಬರಿನಲ್ಲಿ, ಅಂದರೆ ನಾಲ್ಕೇ ತಿಂಗಳ ಹಿಂದೆ, ಜರ್ಮನಿ ಮೂಲದ ಹೆಸರುವಾಸಿ ತಪಾಸಣಾ ಸಂಸ್ಥೆ ಸರ್ಟಿಫಿಕೇಟ್ ಕೊಟ್ಟಿತ್ತು. ಅದಕ್ಕೆ ಆಧಾರವಾದ ಲೆಕ್ಕದಲ್ಲಿ ಬಂದ ಸುರಕ್ಷತಾ ಅಂಕಿ 1.09. ಈ ಅಂಕಿ 1 ಬಂದರೆ ಹೊರೆಯೂ ಶಕ್ತಿಯೂ ಸಮ ಎಂದರ್ಥ. 1.09 ಎಂದರೆ ನೂರು ಕಿಲೋ ಹೊರೆಗೆ ನೂರಾ ಒಂಬತ್ತು ಕಿಲೋ ತಾಳುವ ಹಗ್ಗ. ಆ ಹಗ್ಗದಲ್ಲಿ ನಿಮ್ಮ ಎತ್ತನ್ನು ಬಾವಿಗೆ ಇಳಿಸುತ್ತೀರಾ?

ಇನ್ನೂ ಹಿಂದೆ ಹೋಗೋಣ. ಇಟಲಿಯ ಸ್ಟಾವಾ ಕಣಿವೆ. ಒಂದರ ಮೇಲೊಂದು ಇದ್ದ ಎರಡು ಕೆಸರು ಹೊಂಡಗಳಲ್ಲಿ ಮೇಲಿನದು ಒಡೆದು ಕೆಳಗಿನದರ ಮೇಲೆ ಬಿತ್ತು. 1985ರ ಜುಲೈ 19ರಂದು 268 ಜನ ಸತ್ತರು. ಹತ್ತು ವರ್ಷ ಮೊದಲೇ ಅಲ್ಲಿನ ಪುರಸಭೆ ಈ ಹೊಂಡಗಳ ಸ್ಥಿರತೆ ಪರೀಕ್ಷಿಸಿ ಎಂದು ಕೇಳಿತ್ತು. ಗಣಿ ಇಲಾಖೆ ಆ ಪರೀಕ್ಷೆಯನ್ನು ಮಾಡಿಸಿದ್ದು ಯಾರಿಂದ? ಗಣಿ ಕಂಪನಿಯಿಂದಲೇ. ಕಳ್ಳನ ಕೈಗೇ ಬೀಗದ ಕೈ ಎನ್ನುವ ಮಾತು ಇಟಲಿಯಲ್ಲಿ ಇದೆಯೋ ಇಲ್ಲವೋ, ಕೆಲಸ ಮಾತ್ರ ಹಾಗೇ ಆಗಿತ್ತು.

ನಮ್ಮ ದೇಶದಲ್ಲಿ ಹೀಗೆಲ್ಲ ಆಗಲ್ಲ ಎನ್ನುವವರಿಗೆ: 2019ರ ಏಪ್ರಿಲ್ 9ರಂದು ಜಾರ್ಖಂಡ್‌ನ ಮುರಿಯಲ್ಲಿ ಅಲ್ಯೂಮಿನಾ ಕಾರ್ಖಾನೆಯ ಕೆಂಪು ಕೆಸರಿನ ಹೊಂಡದ ಒಡ್ಡು ಕುಸಿದಿತ್ತು. ಬ್ರುಮಾಡಿನ್ಹೋ ಆಗಿ ಮೂರು ತಿಂಗಳೂ ಕಳೆದಿರಲಿಲ್ಲ.

ಗಟ್ಟಿ ನೆಲ ಒಮ್ಮೆಲೇ ಸಾರು ಆಗುವುದು ಹೇಗೆ?

ಸೇರಿನಲ್ಲಿ ಜೋಳ ಅಳೆಯುವಾಗ ಸೇರನ್ನು ನೆಲಕ್ಕೆ ಕುಟ್ಟಿದರೆ ಏನಾಗುತ್ತದೆ? ಕಾಳು ಒತ್ತಾಗಿ ಕೂತು ಮಟ್ಟ ಕೆಳಗಿಳಿಯುತ್ತದೆ. ಕಾಳುಗಳ ನಡುವೆ ಖಾಲಿ ಜಾಗ ಇತ್ತು, ಅದು ಕಡಿಮೆಯಾಯಿತು. ಈಗ ಆ ಖಾಲಿ ಜಾಗದ ತುಂಬ ನೀರಿದೆ ಎಂದುಕೊಳ್ಳಿ. ಕಾಳು ಕೆಳಗೆ ಕೂರಬೇಕಾದರೆ ನೀರು ಹೊರಗೆ ಹೋಗಬೇಕು. ಕಣ ತುಂಬ ನುಣ್ಣಗಿದ್ದರೆ ನೀರಿಗೆ ಹೋಗಲು ದಾರಿ ಸಿಗುವುದಿಲ್ಲ. ಆಗ ಮೇಲಿನ ಭಾರವನ್ನೆಲ್ಲ ನೀರೇ ಹೊರಬೇಕಾಗುತ್ತದೆ. ಕಣಗಳು ಒಂದನ್ನೊಂದು ಹಿಡಿದುಕೊಳ್ಳುವುದನ್ನು ಬಿಟ್ಟು ತೇಲುತ್ತವೆ. ನಿನ್ನೆ ಲಾರಿ ಓಡಾಡಿದ ನೆಲ ಇವತ್ತು ಸಾರಿನಂತೆ ಹರಿಯುತ್ತದೆ. ಬ್ರುಮಾಡಿನ್ಹೋದಲ್ಲಿ ಆದದ್ದು ಇದೇ ಎಂದು ತಜ್ಞರ ಸಮಿತಿ ಅದೇ ವರ್ಷ ಡಿಸೆಂಬರಿನಲ್ಲಿ ಹೇಳಿತು. ಭೂಕಂಪ ಆಗಿರಲಿಲ್ಲ, ಸ್ಫೋಟ ಕಾರಣವಾಗಿರಲಿಲ್ಲ. ಒಳಗೆ ನೀರು, ಮೇಲೆ ಭಾರ, ವರ್ಷಗಟ್ಟಲೆ ಕಣ್ಣಿಗೆ ಕಾಣದಷ್ಟು ಸಣ್ಣ ಜರುಗು, ಜೊತೆಗೆ ಮಳೆ. ಅಷ್ಟೇ ಸಾಕಾಯಿತು.

ಇದಕ್ಕೇ ಅಜ್ಜಿಯ ಮಾತು ಮುಖ್ಯ. ಈ ಕಟ್ಟೆಗೆ ನೀರೇ ಶತ್ರು. ನೀರು ಹಾಕದೆ ತೋರಿಸುವ ಮಾದರಿ ಮಾದರಿಯೇ ಅಲ್ಲ, ಗೊಂಬೆ.

ಹಾಗಾದರೆ ಸಣ್ಣ ಕಟ್ಟೆ ಮಾಡಿ ನೀರು ಹಾಕಿದರೆ ಸಾಕೇ?

ಸಾಲದು. ಇಲ್ಲಿ ಇನ್ನೊಂದು ಮೋಸ ಇದೆ. ಮುಂದಿನ ಸಭೆಗೆ ಕಂಪನಿಯವರು ಗಾಜಿನ ಪೆಟ್ಟಿಗೆಯಲ್ಲಿ ಮಣ್ಣಿನ ಕಟ್ಟೆ ಮಾಡಿ, ನೀರೂ ಹಾಕಿ, "ನೋಡಿ, ನಿಂತಿತಲ್ಲ" ಎನ್ನಬಹುದು. ಆಗ ನಾವು ಮೋಸ ಹೋಗಬಾರದು.

ಚಿಕ್ಕಂದಿನಲ್ಲಿ ಪಾದದ ಮೇಲೆ ಒದ್ದೆ ಮರಳು ಮೆತ್ತಿ ಗುಬ್ಬಿಗೂಡು ಮಾಡಿದ್ದೀರಲ್ಲ? ಒಂದು ಗೇಣಿನ ಗೂಡು ಚೆನ್ನಾಗಿ ನಿಲ್ಲುತ್ತದೆ. ಅದೇ ಮರಳಿನಲ್ಲಿ ಅದೇ ಆಕಾರದ ಗೂಡನ್ನು 30 ಮೀಟರ್ ಎತ್ತರ ಕಟ್ಟಿ ನೋಡಿ. ಮಣ್ಣಿನ ಗುಣ ಅದರ ಮೇಲಿರುವ ಭಾರಕ್ಕೆ ತಕ್ಕಂತೆ ಬದಲಾಗುತ್ತದೆ. ಭಾರ ಕಡಿಮೆ ಇದ್ದಾಗ ಸಡಿಲ ಮರಳೂ ಗಟ್ಟಿ ಮರಳಿನಂತೆ ನಡೆದುಕೊಳ್ಳುತ್ತದೆ. ಹಾಗಾಗಿ ಮೇಜಿನ ಮೇಲಿನ ಮಣ್ಣಿನ ಮಾದರಿ ಯಾವಾಗಲೂ ನಿಜವಾದ ಕಟ್ಟೆಗಿಂತ ಧೈರ್ಯಶಾಲಿಯಾಗಿ ಕಾಣುತ್ತದೆ. ಧೈರ್ಯ ಸುಳ್ಳು.

ಇದಕ್ಕೆ ಉಪಾಯ ಇಲ್ಲವೇ? ಇದೆ, ಹಳೆಯ ಉಪಾಯ. ಜೋಳದ ಹೊಲದಲ್ಲಿ ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸಿದವರಿಗೆ ಗೊತ್ತು. ಕವಣೆಯಲ್ಲಿ ಇಟ್ಟ ನಿಂಬೆಕಾಯಿ ಗಾತ್ರದ ಕಲ್ಲು, ಬೀಸಿ ತಿರುಗಿಸುವಾಗ ಎಷ್ಟೋ ಪಟ್ಟು ಭಾರವಾಗಿ ಕೈ ಎಳೆಯುತ್ತದೆ. ಕಟ್ಟೆಯ ಸಣ್ಣ ಮಾದರಿಯನ್ನೂ ಹೀಗೇ ದೊಡ್ಡ ಯಂತ್ರದ ತೋಳಿಗೆ ಕಟ್ಟಿ ತಿರುಗಿಸುತ್ತಾರೆ. ಮಾದರಿಯ ಭಾರ ನೂರು ಪಟ್ಟು ಆಗುವಂತೆ ತಿರುಗಿಸಿದರೆ, 1 ಮೀಟರ್ ಎತ್ತರದ ಮಾದರಿಯ ಬುಡದ ಮಣ್ಣು 100 ಮೀಟರ್ ಕಟ್ಟೆಯ ಬುಡದಲ್ಲಿ ಇರುವಷ್ಟೇ ಒತ್ತಡ ಅನುಭವಿಸುತ್ತದೆ. ಈ ಯಂತ್ರಕ್ಕೆ ಸೆಂಟ್ರಿಫ್ಯೂಜ್ ಎನ್ನುತ್ತಾರೆ. ಫ್ರಾನ್ಸಿನ ಫಿಲಿಪ್ಸ್ ಎಂಬ ಎಂಜಿನಿಯರ್ 1869ರಲ್ಲೇ ಈ ವಿಚಾರ ಮುಂದಿಟ್ಟಿದ್ದರು. ಅಮೆರಿಕದ ಬಕಿ ಎಂಬವರು 1931ರಲ್ಲಿ ಗಣಿಯ ಛಾವಣಿ ಎಷ್ಟು ತಾಳುತ್ತದೆ ಎಂದು ನೋಡಲು ಇದನ್ನು ಬಳಸಿದರು. ಅಂದರೆ ಗಣಿಗಳಿಗೆ ಇದು ಹೊಸ ವಿದ್ಯೆ ಅಲ್ಲ.

ಇನ್ನೊಂದು ಲಾಭ ಸಮಯದ್ದು. ಕೆಸರಿನಿಂದ ನೀರು ಬಸಿದು ಹೋಗಲು ಬೇಕಾಗುವ ಸಮಯ, ಮಾದರಿ ಎಷ್ಟು ಪಟ್ಟು ಚಿಕ್ಕದೋ ಅದರ ವರ್ಗದಷ್ಟು ಕಡಿಮೆಯಾಗುತ್ತದೆ. ನೂರು ಪಟ್ಟು ಚಿಕ್ಕದಾದರೆ ನೂರು ಗುಣಿಸು ನೂರು, ಅಂದರೆ 10,000 ಪಟ್ಟು ಬೇಗ. ಯಂತ್ರದಲ್ಲಿ ಒಂದು ಗಂಟೆ ತಿರುಗಿದರೆ ನೆಲದ ಮೇಲಿನ ಸುಮಾರು 416 ದಿನ. ಒಂದು ಮಧ್ಯಾಹ್ನದಲ್ಲಿ ನಾಲ್ಕಾರು ಮಳೆಗಾಲ ನೋಡಿಬಿಡಬಹುದು. ಒಳಗೆ ನೀರಿನ ಒತ್ತಡ ಅಳೆಯುವ ಸಣ್ಣ ಮಾಪಕ, ಗಾಜಿನ ಬದಿಯಲ್ಲಿ ಕ್ಯಾಮೆರಾ. ಕಟ್ಟೆ ಎಲ್ಲಿಂದ ಬಿರುಕು ಬಿಟ್ಟಿತು, ನೀರು ಎಷ್ಟು ಎತ್ತರಕ್ಕೆ ಬಂದಾಗ ಬಿಟ್ಟಿತು, ಎಲ್ಲವೂ ಕಣ್ಣಿಗೆ ಕಾಣುತ್ತದೆ.

ಇದು ಪರದೇಶದ ಮಾತು ಎನ್ನಬೇಡಿ. ಮುಂಬೈನ ಪೊವಾಯಿಯಲ್ಲಿ ಐಐಟಿ ಬಾಂಬೆಯಲ್ಲೇ 4.5 ಮೀಟರ್ ತೋಳಿನ ದೊಡ್ಡ ಸೆಂಟ್ರಿಫ್ಯೂಜ್ ಇದೆ. ಎರಡೂವರೆ ಟನ್ ತೂಕದ ಮಾದರಿಯನ್ನು ನೂರು ಪಟ್ಟು ಭಾರಕ್ಕೆ ತಿರುಗಿಸಬಲ್ಲದು. ನಮ್ಮ ಭಾಗದಿಂದ ರೈಲಿನಲ್ಲಿ ಒಂದು ರಾತ್ರಿಯ ದಾರಿ.

ನೀರಿಗೆ ಮಾದರಿ ಬೇಕು, ಕೆಸರಿಗೆ ಬೇಡವೇ?

ನೀರಾವರಿ ಇಲಾಖೆಯವರು ದೊಡ್ಡ ಅಣೆಕಟ್ಟಿನ ಕೋಡಿಯನ್ನು ಬರೀ ಕಾಗದದ ಮೇಲೆ ನಂಬುವುದಿಲ್ಲ. ಪುಣೆಯ ಖಡಕ್‌ವಾಸ್ಲಾದಲ್ಲಿ ಕೇಂದ್ರದ ಜಲ ಸಂಶೋಧನಾ ಕೇಂದ್ರ ಇದೆ, ಅದರ ಹುಟ್ಟು 1916ರದ್ದು. ನಮ್ಮ ಕೃಷ್ಣರಾಜಸಾಗರದಲ್ಲಿ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ ಇದೆ. ಸಣ್ಣ ಅಣೆಕಟ್ಟು ಕಟ್ಟಿ, ನೀರು ಹರಿಸಿ, ಎಲ್ಲಿ ಕೊರೆಯುತ್ತದೆ ಎಂದು ನೋಡುವುದು ಅಲ್ಲಿನ ದಿನನಿತ್ಯದ ಕೆಲಸ. ಬರೀ ನೀರು ಹಿಡಿಯುವ ಕಟ್ಟೆಗೆ ಇಷ್ಟು ಎಚ್ಚರ. ನೀರು, ಕೆಸರು, ಕೆಲವು ಕಡೆ ರಾಸಾಯನಿಕ ಎಲ್ಲವನ್ನೂ ಒಟ್ಟಿಗೆ ಹಿಡಿಯುವ ಕಟ್ಟೆಗೆ ಥರ್ಮಾಕೋಲ್ ಸಾಕೇ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾದ 19ನೇ ಗೇಟ್ ಚೈನ್ ಕಿತ್ತು ಹೋದಾಗ ಬೆಳಗಾಗುವುದರೊಳಗೆ ನಮ್ಮ ಊರುಗಳಿಗೆಲ್ಲ ಗೊತ್ತಿತ್ತು. ಗೇಟಿನ ನಂಬರ್ ಮಕ್ಕಳ ಬಾಯಲ್ಲೂ ಇತ್ತು. ಅದು ಎಲ್ಲರ ಅಣೆಕಟ್ಟು, ಎಲ್ಲರ ಕಣ್ಣೂ ಅದರ ಮೇಲೆ. ಗಣಿಯ ಕೆಸರು ಕಟ್ಟೆ ಮಾತ್ರ ಬೇಲಿಯೊಳಗೆ, ಸೆಕ್ಯೂರಿಟಿ ಗಾರ್ಡಿನ ಹಿಂದೆ. ಒಂದು ಕಟ್ಟೆಯ ಸ್ಥಿರತೆಯ ವರದಿ ಕೊಡಿ ಎಂದು ನಾನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೆ. ಮೂರನೇ ವ್ಯಕ್ತಿಯ ಮಾಹಿತಿ, ಕೊಡಲು ಬರುವುದಿಲ್ಲ ಎಂದು ಉತ್ತರ ಬಂತು. ಕಟ್ಟೆ ಒಡೆದರೆ ಕೆಸರು ಬರುವುದು ನಮ್ಮ ಮನೆಗೆ. ಅದರ ವರದಿಗೆ ಮಾತ್ರ ನಾವು ಮೂರನೆಯವರು!

ಅವರು ಹೇಳುವ ಮಾತುಗಳು

ಮೊದಲನೆಯದು: "ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿದ್ದೇವೆ." ಒಳ್ಳೆಯದು, ಮಾಡಲೇಬೇಕು. ಆದರೆ ಕಂಪ್ಯೂಟರಿಗೆ ಕೆಸರಿನ ಬಲ ಎಷ್ಟು ಎಂದು ಹೇಳಿದವರು ಯಾರು? ಮನುಷ್ಯರೇ. 1.09 ಬಂದದ್ದೂ ಲೆಕ್ಕದಿಂದಲೇ. ಬಿತ್ತಿದ್ದು ಜೊಳ್ಳಾದರೆ ಬೆಳೆ ಕಾಳಾಗುವುದಿಲ್ಲ. ಆ ಲೆಕ್ಕ ಸರಿಯೋ ಇಲ್ಲವೋ ಎಂದು ಒರೆಗೆ ಹಚ್ಚುವ ಕಲ್ಲೇ ಭೌತಿಕ ಮಾದರಿ.

ಎರಡನೆಯದು: "ಮಾದರಿಗೂ ಮಿತಿ ಇದೆ." ನಿಜ, ಒಪ್ಪುತ್ತೇನೆ. ಇಪ್ಪತ್ತು ವರ್ಷ ಪದರ ಪದರವಾಗಿ ಬಿದ್ದ ಕೆಸರನ್ನು ಒಂದು ಪೆಟ್ಟಿಗೆಯಲ್ಲಿ ಹಾಗೇ ಮತ್ತೆ ಹುಟ್ಟಿಸಲು ಆಗುವುದಿಲ್ಲ. ಪೆಟ್ಟಿಗೆಯ ಗೋಡೆಯೂ ಸ್ವಲ್ಪ ಹಿಡಿದುಕೊಳ್ಳುತ್ತದೆ. ಒಂದು ಮಾದರಿ ನಿಂತಿತೆಂದು ಕಟ್ಟೆ ನೂರು ವರ್ಷ ನಿಲ್ಲುತ್ತದೆ ಎಂದೂ ಅಲ್ಲ. ಕಟ್ಟೆಯೊಳಗಿನ ನೀರಿನ ಒತ್ತಡವನ್ನು ದಿನವೂ ಅಳೆಯುವ ಕೆಲಸಕ್ಕೆ ಮಾದರಿ ಬದಲಿ ಆಗದು. ಆದರೆ ಮಿತಿ ಇದೆ ಎಂದು ಪರೀಕ್ಷೆಯನ್ನೇ ಬಿಡುವುದು ಯಾವ ನ್ಯಾಯ? ಥರ್ಮಾಮೀಟರಿನಲ್ಲಿ ಎಲ್ಲ ಕಾಯಿಲೆ ಗೊತ್ತಾಗುವುದಿಲ್ಲ ಎಂದು ಡಾಕ್ಟರು ಜ್ವರ ನೋಡುವುದನ್ನು ಬಿಟ್ಟಿದ್ದಾರೆಯೇ?

ಮೂರನೆಯದು: "ಖರ್ಚು ಜಾಸ್ತಿ." ಬೆಟ್ಟ ಅಗೆದು ಮಾರುವವರಿಗೆ ಒಂದು ಪೆಟ್ಟಿಗೆ ಮಣ್ಣು ತಿರುಗಿಸುವ ಖರ್ಚು ಜಾಸ್ತಿ ಅನ್ನಿಸಿದರೆ, ಆ ಗಣಿಗೆ ಕಟ್ಟೆ ಕಟ್ಟುವ ಯೋಗ್ಯತೆಯೇ ಇಲ್ಲ.

ನಾಲ್ಕನೆಯದು ನಮ್ಮವರದೇ ಮಾತು, ನನಗೆ ಹೆಚ್ಚು ತಾಗುವುದು ಅದೇ. ನನ್ನ ಸೋದರಮಾವ ಅದೇ ಗಣಿಯಲ್ಲಿ ಗುತ್ತಿಗೆ ಕೆಲಸಕ್ಕಿದ್ದಾನೆ. "ಏನಲೇ ಅಳಿಯಾ, ನಮ್ಮ ಅನ್ನಕ್ಕ ಕಲ್ಲ ಹಾಕ್ತೀಯೇನು?" ಎಂದು ಕೇಳಿದ. ಮಾವಾ, ಗಣಿ ಮುಚ್ಚಿ ಎಂದು ನಾನು ಬರೆಯುತ್ತಿಲ್ಲ. ಬ್ರುಮಾಡಿನ್ಹೋದಲ್ಲಿ ಸತ್ತವರಲ್ಲಿ ಹೆಚ್ಚಿನವರು ಗಣಿಯ ಕೆಲಸಗಾರರೇ. ಅನ್ನ ತಿನ್ನುವ ಹೊತ್ತಿಗೇ ಕೆಸರು ಬಂತು. ಈ ಪರೀಕ್ಷೆ ಮೊದಲು ಬೇಕಾದದ್ದು ನಿನಗೆ, ಆಮೇಲೆ ನಮಗೆ.

ಮುಂದಿನ ಸಭೆಯಲ್ಲಿ ಕೇಳಬೇಕಾದದ್ದು

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲಿಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಅದನ್ನು ಮೊದಲೇ ತರಿಸಿಕೊಳ್ಳಿ, ಊರಿನ ಓದಿದ ಹುಡುಗರಿಂದ ಓದಿಸಿ. ಸಭೆಯಲ್ಲಿ ಬಾಯಲ್ಲಿ ಹೇಳಿದ್ದನ್ನೇ ಬರೆದೂ ಕೊಡಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಕೇಳಬೇಕಾದದ್ದು ಇಷ್ಟು:

1. ಕಟ್ಟೆಯ ಮಾದರಿ ಪರೀಕ್ಷೆಯನ್ನು ಸೆಂಟ್ರಿಫ್ಯೂಜಿನಲ್ಲಿ ಮಾಡಿದ್ದೀರಾ? ಮಾಡಿದ್ದರೆ ಯಾವ ಕೆಸರು ಬಳಸಿದಿರಿ? ನದಿ ಮರಳು ಅಲ್ಲ, ಇದೇ ಗಣಿಯ ಕೆಸರು ಆಗಿರಬೇಕು. ನಿಜವಾದ ಕಟ್ಟೆಯಲ್ಲಿ ಹೇಗೆ ನೀರಿನ ಜೊತೆ ಸುರಿಯುತ್ತೀರೋ ಹಾಗೇ ಸುರಿದಿರಬೇಕು.

2. ಕಟ್ಟೆ ಒಡೆಯುವವರೆಗೂ ಪರೀಕ್ಷೆ ಮಾಡಿದಿರಾ? ನಿಂತಿತು ಎನ್ನುವುದು ಅರ್ಧ ಉತ್ತರ. ಎಷ್ಟು ನೀರಿಗೆ, ಎಷ್ಟು ಎತ್ತರಕ್ಕೆ ಬೀಳುತ್ತದೆ ಎನ್ನುವುದು ಪೂರ್ತಿ ಉತ್ತರ.

3. ಯಂತ್ರ ತಿರುಗುವ ಮೊದಲೇ ನಿಮ್ಮ ಕಂಪ್ಯೂಟರ್ ಲೆಕ್ಕದ ಭವಿಷ್ಯವನ್ನು ಲಕೋಟೆಯಲ್ಲಿ ಮುಚ್ಚಿ ಜಿಲ್ಲಾಧಿಕಾರಿಗೆ ಕೊಡುತ್ತೀರಾ? ಪರೀಕ್ಷೆ ಆದ ಮೇಲೆ ಲಕೋಟೆ ಒಡೆದು ಎರಡನ್ನೂ ಹೋಲಿಸೋಣ. ಪರೀಕ್ಷೆ ನೋಡಿ ಆಮೇಲೆ ಲೆಕ್ಕ ಹೊಂದಿಸುವುದು ಯಾರಿಗಾದರೂ ಬರುತ್ತದೆ.

4. ಪರೀಕ್ಷೆ ಮಾಡುವವರನ್ನು ಆರಿಸುವುದು ಯಾರು? ದುಡ್ಡು ಕಂಪನಿಯದಾಗಲಿ, ಆಯ್ಕೆ ಕಂಪನಿಯದು ಆಗಬಾರದು. ಸ್ಟಾವಾ ಪಾಠ ಇದೇ.

5. ಒಡೆದರೆ ಕೆಸರು ಎಲ್ಲಿಯವರೆಗೆ ಬರುತ್ತದೆ, ಎಷ್ಟು ನಿಮಿಷದಲ್ಲಿ ಬರುತ್ತದೆ? ನಕ್ಷೆಯಲ್ಲಿ ಸರ್ವೆ ನಂಬರ್ ಸಹಿತ ಗುರುತು ಮಾಡಿ. ಅಂಗನವಾಡಿ, ಶಾಲೆ, ಕುಡಿಯುವ ನೀರಿನ ಬಾವಿ ಆ ಗೆರೆಯೊಳಗಿದೆಯೇ ಹೇಳಿ. ಬ್ರುಮಾಡಿನ್ಹೋ ಆದ ಮೇಲೆ 2020ರಲ್ಲಿ ಬಂದ ಕೆಸರು ಕಟ್ಟೆಗಳ ಜಾಗತಿಕ ಮಾನದಂಡವೂ ಕೆಳಗಿನ ಜನರಿಗೆ ಮಾಹಿತಿ ಕೊಡಬೇಕು ಎನ್ನುತ್ತದೆ. ಅದು ಕಾನೂನಲ್ಲ, ಒಪ್ಪಿಕೊಂಡವರಿಗೆ ಮಾತ್ರ. ನೀವು ಒಪ್ಪಿಕೊಂಡಿದ್ದೀರಾ ಎಂದೇ ಕೇಳಿ.

6. ವರದಿ ಕನ್ನಡದಲ್ಲಿ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಇರುತ್ತದೆಯೇ? ಪರೀಕ್ಷೆಯ ವಿಡಿಯೋ ಗ್ರಾಮಸಭೆಯಲ್ಲಿ ತೋರಿಸುತ್ತೀರಾ?

ಕಟ್ಟೆ ಬಿದ್ದ ಮೇಲೆ ಪರೀಕ್ಷೆ ಮಾಡುವುದಕ್ಕೆ ದುಡ್ಡೂ ಸಿಗುತ್ತದೆ, ತಜ್ಞರೂ ಸಿಗುತ್ತಾರೆ. ಬ್ರೆಜಿಲ್‌ನಲ್ಲೇ 2015ರ ನವೆಂಬರ್ 5ರಂದು ಫುಂಡಾವೊ ಕಟ್ಟೆ ಬಿದ್ದು 19 ಜನ ಸತ್ತು, ಕೆಸರು 600 ಕಿಲೋಮೀಟರಿಗೂ ಹೆಚ್ಚು ಹರಿದು ಸಮುದ್ರ ಸೇರಿತು. ಆಮೇಲೆ ತಜ್ಞರು ಆ ಮರಳಿನ ಮೇಲೆ ಕಟ್ಟೆಯಲ್ಲಿ ಬಿದ್ದಂಥದೇ ಒತ್ತಡ ಹಾಕಿ ಪ್ರಯೋಗಾಲಯದಲ್ಲಿ ನೋಡಿದರು. ಅಲ್ಲೂ ಒಮ್ಮೆಲೇ ಕುಸಿಯಿತು. ಕಾರಣ ತಿಳಿಯಿತು. ಸತ್ತವರಿಗೆ ಅದರಿಂದ ಏನು ಬಂತು? ಅದೇ ಪ್ರಯೋಗವನ್ನು ಬೀಳುವ ಮೊದಲು ಮಾಡಿ ಎನ್ನುವುದಷ್ಟೇ ನಮ್ಮ ಬೇಡಿಕೆ. ಮಾದರಿ ಒಡೆದರೆ ಒರೆಸಿಕೊಂಡು ಇನ್ನೊಂದು ಮಾಡಬಹುದು.

ಆ ಗಣಿಯ ವಿಸ್ತರಣೆಯ ಕಡತ ಇನ್ನೂ ಓಡಾಡುತ್ತಿದೆ. ಮೊನ್ನೆ ಅಜ್ಜಿಯ ಊರಿಗೆ ಹೋಗಿದ್ದೆ. ಅವತ್ತು ನಕ್ಕಿದ್ದಕ್ಕೆ ತಪ್ಪಾಯಿತು ಎಂದೆ. ಮೇಲಿನ ಆರು ಪ್ರಶ್ನೆಗಳನ್ನು ಓದಿ ಹೇಳಿದೆ. ಹೊಲದ ಬದುವಿನ ಮೇಲೆ ಕುಳಿತು ಪೂರ್ತಿ ಕೇಳಿಸಿಕೊಂಡರು. "ಇದನ್ನ ಒಂದು ಹಾಳ್ಯಾಗ ಬರದು ಕೊಡಪ್ಪ, ನಾನ ಒಯ್ದು ಕೊಡ್ತೀನಿ" ಎಂದರು. ಬರೆದುಕೊಟ್ಟೆ. ಹೆಬ್ಬೆಟ್ಟು ಒತ್ತಿದ್ದಾರೆ. ಅದರ ಕೆಳಗೆ ಇನ್ನೂ ಜಾಗ ಇದೆ. ನಿಮ್ಮ ಊರಿನ ಮೇಲೂ ಇಂಥ ಕಟ್ಟೆ ಇದ್ದರೆ ಈ ಪ್ರಶ್ನೆಗಳನ್ನು ನಿಮ್ಮ ಊರಿನ ಗುಂಪಿಗೆ ಕಳಿಸಿ. ಮುಂದಿನ ಸಭೆಗೆ ಯಾರಾದರೂ ಒಬ್ಬರು ಒಂದು ಕೊಡ ನೀರು ತೆಗೆದುಕೊಂಡೇ ಹೋಗಿ.